ಪೊಲೀಸರ ಮೇಲೆ ದೂರು, ಪೊಲೀಸರಿಗೆ ಮೆಚ್ಚುಗೆ: ಎರಡನ್ನೂ ಬರೆಯುವ ಕ್ರಮ

ಮಂಗಳೂರಿನ ನಂತೂರು ವೃತ್ತದಲ್ಲಿ ಸವಾರನ ಬೈಕಿನ ಕೀ ಎಳೆದುಕೊಂಡ ಪೊಲೀಸರೊಬ್ಬರ ವಿಡಿಯೊ ಬೆಳಿಗ್ಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿತ್ತು ಎಂದಿಟ್ಟುಕೊಳ್ಳಿ. ಸಂಜೆ ಅದೇ ಗ್ರೂಪಿಗೆ, ಮಳೆಯಲ್ಲಿ ನೆನೆಯುತ್ತ ರಸ್ತೆಗುಂಡಿಗೆ ಕಲ್ಲು ತುಂಬುತ್ತಿರುವ ಇನ್ನೊಬ್ಬರ ಫೋಟೊ. ಬೆಳಿಗ್ಗೆ ಬೈದವರೇ ಸಂಜೆ ಕೈಮುಗಿಯುವ ಇಮೋಜಿ ಹಾಕುತ್ತಾರೆ. ಎರಡರಲ್ಲೂ ದಿನಾಂಕ ಇಲ್ಲ, ಹೆಸರಿಲ್ಲ. ಕೀ ಕಿತ್ತವರಿಗೆ ಒಂದು ಮೆಮೊ ಹೋಗುವುದಿಲ್ಲ, ಕಲ್ಲು ತುಂಬಿದವರ ಸೇವಾ ಪುಸ್ತಕಕ್ಕೆ ಒಂದು ಸಾಲು ಸೇರುವುದಿಲ್ಲ. ಗ್ರೂಪಿನವರಿಗೆ ಮಾತ್ರ ಎರಡು ಹೊತ್ತಿನ ಮಾತು ಸಿಕ್ಕಿತು.

ದೂರಾಗಲಿ ಮೆಚ್ಚುಗೆಯಾಗಲಿ ಫೈಲಿನೊಳಗೆ ಹೋಗಬೇಕಾದರೆ ಅದು ಇಲಾಖೆಯ ಬಗ್ಗೆಯೂ ಇರಬಾರದು, ಆ ಮನುಷ್ಯನ ಸ್ವಭಾವದ ಬಗ್ಗೆಯೂ ಇರಬಾರದು. ಒಂದು ದಿನ, ಒಂದು ಜಾಗದಲ್ಲಿ ನಡೆದ ಒಂದು ಕೆಲಸದ ಬಗ್ಗೆ ಇರಬೇಕು.

ಯಾರ ಪೊಲೀಸ್?

ಹಲವು ಅರ್ಜಿಗಳು ಅಲೆದಾಡುವುದು ವಿಳಾಸ ತಪ್ಪಿ. ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ಆದದ್ದು 2010ರಲ್ಲಿ. ಹೆಸರಿನಲ್ಲಿ ನಗರ ಎಂದಿದ್ದರೂ ಮುಲ್ಕಿ, ಮೂಡುಬಿದಿರೆ, ಬಜಪೆ, ಉಳ್ಳಾಲ, ಕೊಣಾಜೆ ಠಾಣೆಗಳು ಅದರೊಳಗೇ ಬರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ, ಕಡಬದ ಕಡೆಯ ಠಾಣೆಗಳು ದಕ್ಷಿಣ ಕನ್ನಡ ಎಸ್‌ಪಿ ಅಧೀನದಲ್ಲಿವೆ. ಆ ಎಸ್‌ಪಿ ಕಚೇರಿಯೂ ಮಂಗಳೂರಿನಲ್ಲೇ ಇರುವುದರಿಂದ ಗೊಂದಲ ಜಾಸ್ತಿ. ಫರಂಗಿಪೇಟೆಯಲ್ಲಿ ನಡೆದದ್ದು ಬಂಟ್ವಾಳ ಗ್ರಾಮಾಂತರ ಠಾಣೆಗೆ ಸೇರಿದ್ದು. ಅದನ್ನು ಕಮಿಷನರ್ ಕಚೇರಿಗೆ ಕೊಟ್ಟರೆ ಕಾಗದ ಊರು ಸುತ್ತಿ ಬರುತ್ತದೆ. ಮುಲ್ಕಿಯ ಸೇತುವೆ ದಾಟಿ ಹೆಜಮಾಡಿ ಮುಟ್ಟಿದರೆ ಅದು ಪಡುಬಿದ್ರಿ ಠಾಣೆ, ಉಡುಪಿ ಎಸ್‌ಪಿ. ಎರಡೂ ಜಿಲ್ಲೆಯ ಎಸ್‌ಪಿಗಳ ಮೇಲೆ ಪಶ್ಚಿಮ ವಲಯದ ಐಜಿಪಿ ಇದ್ದಾರೆ, ಅವರ ಕಚೇರಿಯೂ ಮಂಗಳೂರಿನಲ್ಲೇ.

ಖಾಕಿ ಹಾಕಿದವರೆಲ್ಲ ಠಾಣೆಯವರಲ್ಲ. ಜಾತ್ರೆಯಲ್ಲಿ ಹಗ್ಗ ಹಿಡಿದು ನಿಂತವರು ಗೃಹರಕ್ಷಕ ದಳದವರಿರಬಹುದು. ಮಂಗಳೂರು ಸೆಂಟ್ರಲ್ ನಿಲ್ದಾಣದಲ್ಲಿ ರಾಜ್ಯದ ರೈಲ್ವೆ ಪೊಲೀಸರೂ ಇದ್ದಾರೆ, ಕೇಂದ್ರದ ಆರ್‌ಪಿಎಫ್‌ ಕೂಡ ಇದೆ. ಬಜಪೆ ವಿಮಾನ ನಿಲ್ದಾಣದಲ್ಲಿರುವುದು ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್. ದೋಣಿ ತಡೆದು ಕಾಗದ ಕೇಳಿದವರು ಕರಾವಳಿ ಕಾವಲು ಪೊಲೀಸರಾದರೆ ಅವರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಕೋಮು ಹಿಂಸೆ ತಡೆಯಲೆಂದು 2025ರಲ್ಲಿ ರಚನೆಯಾದ ವಿಶೇಷ ಕಾರ್ಯಪಡೆಯವರು ಕೂಡ ಸ್ಥಳೀಯ ಠಾಣೆಯ ಸಿಬ್ಬಂದಿಯಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಉಡುಪಿ ಪರ್ಯಾಯಕ್ಕೆ ಹೊರ ಜಿಲ್ಲೆಗಳಿಂದಲೂ ಬಂದೋಬಸ್ತಿಗೆ ಬರುತ್ತಾರೆ. ಆ ರಾತ್ರಿ ನಿಮ್ಮ ಮಗುವನ್ನು ಹುಡುಕಿಕೊಟ್ಟವರು ಹಾವೇರಿಯವರಾಗಿದ್ದರೆ ಮೆಚ್ಚುಗೆಯ ಪತ್ರ ಹಾವೇರಿ ಎಸ್‌ಪಿಗೆ ಹೋಗಬೇಕು, ಉಡುಪಿ ಎಸ್‌ಪಿಗೆ ಒಂದು ಪ್ರತಿ ಸಾಕು.

ಯಾರು ಎಂದು ಗುರುತಿಸುವುದು

ಹೆಸರುಪಟ್ಟಿ ಓದಲು ಸಿಕ್ಕರೆ ಸರಿ. ಮಳೆಗಾಲದಲ್ಲಿ ರೇನ್‌ಕೋಟ್ ಮೇಲೆ ಅದು ಕಾಣುವುದಿಲ್ಲ, ಗಲಾಟೆಯಲ್ಲಿ ಯಾರೂ ಓದುವುದೂ ಇಲ್ಲ. ಆಗ ಭುಜ, ತೋಳು ನೋಡಿ. ತೋಳಿನಲ್ಲಿ ಮೂರು ಪಟ್ಟಿ ಇದ್ದರೆ ಹೆಡ್ ಕಾನ್‌ಸ್ಟೆಬಲ್. ಭುಜದ ತುದಿಯಲ್ಲಿ ಕೆಂಪು–ನೀಲಿ ರಿಬ್ಬನ್ ಇದ್ದು ಒಂದು ನಕ್ಷತ್ರವಿದ್ದರೆ ಎಎಸ್‌ಐ, ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್‌ಸ್ಪೆಕ್ಟರ್. ರಿಬ್ಬನ್ ಇಲ್ಲದೆ ಮೂರು ನಕ್ಷತ್ರವಿದ್ದರೆ ಡಿವೈಎಸ್‌ಪಿ, ಕಮಿಷನರೇಟ್‌ನಲ್ಲಾದರೆ ಎಸಿಪಿ. ಕಾನ್‌ಸ್ಟೆಬಲ್‌ಗಳಿಗೆ ಇಲಾಖೆಯ ಸಂಖ್ಯೆ ಇರುತ್ತದೆ. ಒಂದೇ ಹೆಸರಿನ ಮೂವರು ಒಂದೇ ಠಾಣೆಯಲ್ಲಿದ್ದಾಗ ಆ ಸಂಖ್ಯೆಯೇ ಗತಿ. ಏನೂ ಸಿಗದಿದ್ದರೆ ಜೀಪಿನ ನಂಬರ್, ಸಮಯ, ಜಾಗ ಬರೆದಿಡಿ. ಆ ಹೊತ್ತಿಗೆ ಆ ವಾಹನದಲ್ಲಿ ಯಾರಿದ್ದರು ಎಂಬುದು ಠಾಣೆಯ ಕರ್ತವ್ಯದ ದಾಖಲೆಯಲ್ಲಿ ಸಿಗುತ್ತದೆ.

ಅದೇ ದಿನ, ಮಲಗುವ ಮೊದಲು ಬರೆದಿಡಿ: ಗಂಟೆ–ನಿಮಿಷ, ಜಾಗ (ಹತ್ತಿರದ ಅಂಗಡಿ ಅಥವಾ ಬಸ್ ನಿಲ್ದಾಣದ ಹೆಸರು ಸಮೇತ), ಅವರು ಆಡಿದ ಮಾತು, ನೀವು ಆಡಿದ ಮಾತು, ಪಕ್ಕದಲ್ಲಿದ್ದ ಇಬ್ಬರ ಹೆಸರು ಮತ್ತು ಮೊಬೈಲ್ ನಂಬರ್. ಮೂರು ದಿನ ಕಳೆದರೆ ನೆನಪಿಗೆ ಕೈಕಾಲು ಬೆಳೆಯುತ್ತದೆ.

ಮಾತನ್ನು ಇದ್ದ ಹಾಗೇ ಬರೆಯಿರಿ. ನಮ್ಮ ಕಡೆ ಇದಕ್ಕೊಂದು ವಿಶೇಷ ಕಾರಣವಿದೆ. ಕರಾವಳಿಯ ಠಾಣೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಸಿಬ್ಬಂದಿ ಬಹಳ. 'ಬನ್ನಿ, ಕೂತ್ಕೊಳ್ಳಿ' ಎಂಬ ಪುಸ್ತಕದ ಕನ್ನಡಕ್ಕೆ ಒಗ್ಗಿದ ಕಿವಿಗೆ 'ಏನ್ ನಡದೈತಿ ಇಲ್ಲಿ' ಎಂದರೇ ಬೈದ ಹಾಗೆ ಕೇಳುತ್ತದೆ. ಅದು ಬೈಗುಳವಲ್ಲ. ಅವರ ಮುಂದೆ ನಾವು ತುಳುವಿನಲ್ಲೋ ಬ್ಯಾರಿಯಲ್ಲೋ ಗುಸುಗುಸು ಮಾತಾಡಿಕೊಂಡರೆ ಅವರಿಗೂ ಅನುಮಾನ ಬರುವುದುಂಟು. 'ಅವಾಚ್ಯವಾಗಿ ನಿಂದಿಸಿದರು' ಎಂದಷ್ಟೇ ಬರೆದರೆ ವಿಚಾರಣೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಶಬ್ದವನ್ನೇ ಬರೆದರೆ ಅದು ಊರಿನ ಆಡುಮಾತೋ ಅವಮಾನವೋ ಎಂದು ತೂಗಬಹುದು.

ತಪ್ಪು ಯಾವುದು, ಬರೀ ಇಷ್ಟವಾಗದ್ದು ಯಾವುದು

ರಾತ್ರಿ 10 ಕಳೆದ ಮೇಲೆ ಮೈಕ್ ನಿಲ್ಲಿಸಿದ ಎಸ್‌ಐ ಮೇಲೆ ಸಿಟ್ಟು ಬರಬಹುದು. ಆದರೆ 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಸರ್ಕಾರ ವಿನಾಯಿತಿ ಕೊಟ್ಟ ದಿನಗಳಲ್ಲಿ ಮಾತ್ರ ಮಧ್ಯರಾತ್ರಿಯವರೆಗೆ ನಡೆಸಬಹುದು. ಆ ಎಸ್‌ಐ ಮೇಲೆ ದೂರು ಕೊಡುವುದು ನಿಯಮದ ಮೇಲಿನ ಸಿಟ್ಟನ್ನು ಮನುಷ್ಯನ ಮೇಲೆ ತೀರಿಸಿದ ಹಾಗೆ. ಅದೇ ಎಸ್‌ಐ ಒಂದು ಕಡೆಯ ಮೈಕ್ ನಿಲ್ಲಿಸಿ, ಅದೇ ರಾತ್ರಿ ಅದೇ ರೀತಿಯ ಇನ್ನೊಂದು ಮೈಕ್ ಬಿಟ್ಟರೆ ಅದು ದೂರು. ಎರಡೂ ಜಾಗದ ಹೆಸರು ಮತ್ತು ಸಮಯ ಅದರಲ್ಲಿ ಇರಬೇಕು.

ಅಳತೆಗೆ ಬೇಕಾದ ನಿಯಮಗಳು ಹೆಚ್ಚಿನವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿವೆ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕು, ಬಂಧನದ ಮೆಮೊಗೆ ಮನೆಯವರು ಅಥವಾ ಊರಿನ ಒಬ್ಬರ ಸಾಕ್ಷಿ ಸಹಿ ಬೇಕು (ಕಲಂ 36). ಸಂಬಂಧಿಕರಿಗೆ ತಿಳಿಸಬೇಕು (ಕಲಂ 48). 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು (ಕಲಂ 58). ಸಾಕ್ಷಿ ಹೇಳಲು ಮಹಿಳೆಯರನ್ನು, 15ಕ್ಕಿಂತ ಕಡಿಮೆ ಅಥವಾ 60 ದಾಟಿದ ಗಂಡಸರನ್ನು ಠಾಣೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ, ಅವರಿರುವಲ್ಲಿಗೇ ಹೋಗಿ ಕೇಳಬೇಕು (ಕಲಂ 179). ಮನೆ ಶೋಧಿಸುವಾಗ ವಿಡಿಯೊ ಚಿತ್ರೀಕರಣ ಆಗಬೇಕು (ಕಲಂ 105). ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ, ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸಬೇಕು. ಇವುಗಳಲ್ಲಿ ಯಾವುದು ತಪ್ಪಿತು ಎಂದು ಒಂದು ಸಾಲಿನಲ್ಲಿ ಹೇಳಿದರೆ ಎರಡು ಪುಟದ ಆಕ್ರೋಶಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಮೆಚ್ಚುಗೆಗೂ ಇದೇ ಪಟ್ಟಿ ಹಿಡಿಯಿರಿ. 70 ವರ್ಷದ ಅಜ್ಜಿಯ ಹೇಳಿಕೆಯನ್ನು ಮನೆಗೇ ಬಂದು, ಓದಿ ಹೇಳಿ ಬರೆದುಕೊಂಡು ಹೋದ ಎಎಸ್‌ಐ ಕಾನೂನು ಹೇಳಿದ್ದನ್ನೇ ಮಾಡಿದ್ದಾರೆ ನಿಜ, ಆದರೆ ಅಷ್ಟನ್ನು ಮಾಡುವವರನ್ನು ಮೇಲಿನವರಿಗೆ ತಿಳಿಸುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆ ಕರಾವಳಿಗೆ ತೀರಾ ಅಗತ್ಯ. ಇಲ್ಲಿ ಪೊಲೀಸರ ಸುದ್ದಿ ಬಂದರೆ ಮೊದಲು ಕೇಳುವ ಪ್ರಶ್ನೆ 'ಕೇಸು ಯಾರ ಮೇಲೆ?' ಎಂಬುದು. ಆ ಹೆಸರು ಕೇಳಿದ ಮೇಲೆ ಲಾಠಿ ಏಟು ಕೆಲವರಿಗೆ ದೌರ್ಜನ್ಯವಾಗುತ್ತದೆ, ಕೆಲವರಿಗೆ ದಿಟ್ಟ ಕ್ರಮವಾಗುತ್ತದೆ. ನೀವು ಬರೆದದ್ದರಲ್ಲಿ ಆ ಹೆಸರನ್ನು ಇನ್ನೊಂದು ಕಡೆಯವರ ಹೆಸರಿಗೆ ಬದಲಿಸಿ ಓದಿ ನೋಡಿ. ಆಗಲೂ ಅದೇ ಮಾತು ಬರೆಯುತ್ತೀರಾದರೆ ಕಳುಹಿಸಿ. ಇಲ್ಲದಿದ್ದರೆ ಹರಿದು ಹಾಕಿ.

ದೂರಿನ ಪತ್ರ

ಒಂದು ಪುಟ, ಒಂದೇ ಘಟನೆ. ನಿಮ್ಮ ಜಾಗದ ತಕರಾರು, ಅಣ್ಣನ ಪಾಲು, ಹಳೆಯ ಕೇಸು ಇವಕ್ಕೆ ಬೇರೆ ಪತ್ರ. ಎಲ್ಲವನ್ನೂ ಒಂದರಲ್ಲಿ ತುರುಕಿದರೆ 'ಇದು ಸಿವಿಲ್ ವ್ಯಾಜ್ಯ' ಎಂದು ಹಿಂಬರಹ ಕೊಟ್ಟು ಮುಗಿಸಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ಒಕ್ಕಣೆ ಹೀಗಿರಬಹುದು:

'ಇದೇ ತಿಂಗಳ 12ರ ಬುಧವಾರ ಸಂಜೆ 6.40ಕ್ಕೆ ಉಡುಪಿಯ ಕಲ್ಸಂಕ ವೃತ್ತದ ಬಳಿ ನನ್ನ ಬೈಕನ್ನು ತಡೆದರು. ನಾನು ಹೆಲ್ಮೆಟ್ ಧರಿಸಿರಲಿಲ್ಲ. ದಂಡ ಕಟ್ಟಲು ಒಪ್ಪಿ 500 ರೂಪಾಯಿ ಕೊಟ್ಟೆ. ರಸೀದಿ ಕೇಳಿದಾಗ, ಎರಡು ನಕ್ಷತ್ರದ ಭುಜಪಟ್ಟಿ ಇದ್ದ, ಹೆಸರುಪಟ್ಟಿ ಧರಿಸದ ಅಧಿಕಾರಿ ಎಡಕೆನ್ನೆಗೆ ಒಮ್ಮೆ ಹೊಡೆದರು. ಜೊತೆಯಲ್ಲಿದ್ದ ಕಾನ್‌ಸ್ಟೆಬಲ್ ನನ್ನನ್ನು ಮುಟ್ಟಲಿಲ್ಲ, ಅಧಿಕಾರಿಯನ್ನು ಹಿಂದಕ್ಕೆ ಕರೆದರು. ಎದುರಿನ ಅಂಗಡಿಯ ಕ್ಯಾಮೆರಾ ವೃತ್ತದ ಕಡೆಗೆ ಇದೆ. ಇಬ್ಬರು ಸಾಕ್ಷಿಗಳ ವಿವರ ಲಗತ್ತಿಸಿದ್ದೇನೆ.'

ಸ್ವಂತ ತಪ್ಪನ್ನು ಮೊದಲೇ ಹೇಳಿದ್ದು ಗಮನಿಸಿ. ಅದನ್ನು ಮುಚ್ಚಿಟ್ಟರೆ ವಿಚಾರಣೆಯಲ್ಲಿ ಮೊದಲು ಹೊರಬರುವುದು ಅದೇ, ಆಮೇಲೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಕಾನ್‌ಸ್ಟೆಬಲ್ ತಡೆದದ್ದನ್ನೂ ಬರೆದದ್ದು ಅಲಂಕಾರಕ್ಕಲ್ಲ. ತಪ್ಪು ಮಾಡದವರನ್ನು ಸೇರಿಸಿ ದೂರಿದರೆ, ನಿಜ ಹೇಳಬಹುದಾಗಿದ್ದ ಒಬ್ಬ ಸಾಕ್ಷಿಯನ್ನು ಕಳೆದುಕೊಳ್ಳುತ್ತೀರಿ.

ಕೊನೆಯಲ್ಲಿ 'ಅಮಾನತು ಮಾಡಿ', 'ವರ್ಗಾವಣೆ ಮಾಡಿ' ಎಂದು ಕೇಳಬೇಡಿ. ಅಮಾನತು ಶಿಕ್ಷೆಯೇ ಅಲ್ಲ, ವಿಚಾರಣೆ ನಡೆಯುವಾಗ ದೂರ ಇಡುವ ಕ್ರಮ. ವರ್ಗಾವಣೆ ಎಂದರೆ ಇನ್ನೊಂದು ಊರಿಗೆ ಅದೇ ಕೈ. ಕೇಳಬೇಕಾದ್ದು ಎರಡು: 1965ರ ಕರ್ನಾಟಕ ಪೊಲೀಸ್ ಶಿಸ್ತುಕ್ರಮ ನಿಯಮಗಳಂತೆ ವಿಚಾರಣೆ, ಮತ್ತು ಆ ವಿಚಾರಣೆ ಅದೇ ಠಾಣೆಯವರಿಂದ ಆಗದೆ ಬೇರೆ ಉಪವಿಭಾಗದ ಅಧಿಕಾರಿಯಿಂದ ಆಗಬೇಕು ಎಂಬುದು. ಎರಡನೆಯದನ್ನು ಬರೆಯದಿದ್ದರೆ ಏನಾಗುತ್ತದೆ ಎಂದರೆ, ಮುಖ್ಯಮಂತ್ರಿ, ಗೃಹ ಸಚಿವರು, ಡಿಜಿಪಿ ಎಂದು ಹತ್ತು ಕಡೆ ಕಳುಹಿಸಿದ ಪ್ರತಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ನೀವು ದೂರಿದ ಠಾಣೆಯ ಮೇಜಿಗೇ ಬಂದು ಕೂರುತ್ತವೆ. ಒಂದೇ ಸರಿಯಾದ ವಿಳಾಸ, ಮೇಲಿನವರಿಗೆ ಒಂದು ಪ್ರತಿ, ಅಷ್ಟು ಸಾಕು. ಮೂಗರ್ಜಿ ಬರೆಯಬೇಡಿ. ಹೆಸರು ಗೋಪ್ಯವಾಗಿಡಬೇಕೆಂದಿದ್ದರೆ ಹೆಸರು ಬರೆದೇ ಹಾಗೆಂದು ಕೋರಿ.

ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿ. ಕೊಡಲು ಹಿಂದೆಮುಂದೆ ನೋಡಿದರೆ ಅಂಚೆಗೆ ಹಾಕಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ, ಆದ್ದರಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯ ಫೋಟೊ ತೆಗೆದಿಡಿ. 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ಕುಂದುಕೊರತೆ ವ್ಯವಸ್ಥೆಯಾದ ಜನಸ್ಪಂದನದಲ್ಲಿ ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಬೆನ್ನು ಹಿಡಿಯಲು ಅದು ಉಪಯೋಗ.

ಎಫ್‌ಐಆರ್ ದಾಖಲಿಸಲು ಒಪ್ಪದಿದ್ದರೆ ದಾರಿ ಬೇರೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ಎಸ್‌ಪಿಗೆ, ಮಂಗಳೂರು ನಗರದಲ್ಲಾದರೆ ಕಮಿಷನರ್‌ಗೆ, ಲಿಖಿತವಾಗಿ ಅಂಚೆಯಲ್ಲಿ ಕಳುಹಿಸಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟ್ ಮುಂದೆ. ಎಸ್‌ಪಿಗೆ ಕಳುಹಿಸಿದ ರಸೀದಿ ಇಲ್ಲದೆ ನೇರ ಕೋರ್ಟಿಗೆ ಹೋದವರು ವಾಪಸ್ ಬರುತ್ತಾರೆ. ಲಂಚ ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಒತ್ತಾಯಕ್ಕೆ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು, ತಡವಾದರೆ ಕೊಟ್ಟವರ ಮೇಲೂ ಕೇಸು ಆಗಬಹುದು. ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು.

ಹೊಡೆತ ಬಿದ್ದಿದ್ದರೆ ಪತ್ರಕ್ಕಿಂತ ಮೊದಲು ಆಸ್ಪತ್ರೆ. ಮಂಗಳೂರಿನ ವೆನ್‌ಲಾಕ್‌ನಲ್ಲೋ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೋ ಎಂಎಲ್‌ಸಿ (ಗಾಯವನ್ನು ಕಾನೂನು ಪ್ರಕರಣವಾಗಿ ದಾಖಲಿಸುವುದು) ಮಾಡಿಸಿ, ಯಾರು ಹೊಡೆದರು ಎಂದು ವೈದ್ಯರಿಗೆ ಇದ್ದದ್ದನ್ನೇ ಹೇಳಿ. 'ಬಿದ್ದೆ' ಎಂದು ಹೆದರಿ ಹೇಳಿದ ಒಂದು ಮಾತು ಆಮೇಲಿನ ಎಲ್ಲವನ್ನೂ ಕೆಡಿಸುತ್ತದೆ. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ಅವರು ಕೇಳದಿದ್ದರೂ ಹೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100 ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ.

ಠಾಣೆಯೊಳಗೆ ನಡೆದದ್ದಾದರೆ ಮೂರು ದಿನದೊಳಗೆ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಪ್ರತ್ಯೇಕ ಪತ್ರ ಕೊಡಿ. ಪ್ರತಿ ಠಾಣೆಯಲ್ಲೂ ಧ್ವನಿ ಸಮೇತ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಆದರೂ 'ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರ ಬರುವುದುಂಟು, ಬೇಗ ಕೇಳಿದಷ್ಟು ಆ ಉತ್ತರ ಕಷ್ಟವಾಗುತ್ತದೆ. ಅಂಗಡಿಗಳ ಕ್ಯಾಮೆರಾದಲ್ಲಿ ಒಂದೆರಡು ವಾರದಲ್ಲೇ ಹಳೆಯದರ ಮೇಲೆ ಹೊಸದು ಬೀಳುತ್ತದೆ.

30 ದಿನ ಕಳೆದೂ ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. 'ತನಿಖೆಯ ವಿವರ ಕೊಡಿ' ಎಂದರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್) ತೋರಿಸಿ ನಿರಾಕರಿಸುತ್ತಾರೆ. 'ಇಂಥ ದಿನದ ನನ್ನ ಅರ್ಜಿಯನ್ನು ಯಾವ ಅಧಿಕಾರಿಗೆ, ಯಾವ ದಿನ ಕಳುಹಿಸಲಾಯಿತು' ಎಂದು ಕೇಳಿದರೆ ನಿರಾಕರಿಸಲು ಕಾರಣ ಸಿಗುವುದಿಲ್ಲ.

ಊರೆಲ್ಲ ಓದುವಂತೆ ಬರೆಯುವಾಗ

ಸಾರ್ವಜನಿಕ ನೌಕರರು ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಪ್ರಾಮಾಣಿಕವಾಗಿ ಹೇಳುವ ಅಭಿಪ್ರಾಯ ಮಾನಹಾನಿಯಲ್ಲ, ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲೇ ಆ ವಿನಾಯಿತಿ ಇದೆ. ಆದರೆ ಆ ರಕ್ಷಣೆ ಕರ್ತವ್ಯಕ್ಕೆ ಮಾತ್ರ. 'ರಸೀದಿ ಕೊಡದೆ 500 ತೆಗೆದುಕೊಂಡರು' ಎನ್ನುವುದು ನೀವು ಕಂಡದ್ದು. 'ಇವನು ತಿಂಗಳಿಗೆ ಲಕ್ಷ ಮಾಮೂಲಿ ತಿನ್ನುತ್ತಾನೆ' ಎನ್ನುವುದು ನೀವು ಕೇಳಿದ್ದು, ರುಜುವಾತು ಮಾಡುವ ಭಾರ ನಿಮ್ಮ ಮೇಲೆ. ಅಧಿಕಾರಿಯ ಮನೆ, ಹೆಂಡತಿ, ಜಾತಿ ಎತ್ತಿದರೆ ದೂರು ಅಲ್ಲಿಗೆ ಸತ್ತಿತು. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಕಲಂ 217ರಲ್ಲಿ ಒಂದು ವರ್ಷದವರೆಗೆ ಸಜೆ ಇದೆ.

ರಸ್ತೆಯಲ್ಲಿ ವಿಡಿಯೊ ಮಾಡುವುದಾದರೆ ನಾಲ್ಕೈದು ಹೆಜ್ಜೆ ದೂರ ನಿಲ್ಲಿ. ಮುಖಕ್ಕೆ ಮೊಬೈಲ್ ಹಿಡಿದು ದಾರಿಗೆ ಅಡ್ಡ ನಿಂತರೆ ಕರ್ತವ್ಯಕ್ಕೆ ಅಡ್ಡಿ ಎಂಬ ಕಲಂ 221 ಕಾದಿರುತ್ತದೆ. ಪೊಲೀಸ್ ಠಾಣೆಯು ಅಧಿಕೃತ ರಹಸ್ಯ ಕಾಯ್ದೆಯ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗೆಂದು ಠಾಣೆಯೊಳಗೆ ಕೂತ ಬೇರೆ ದೂರುದಾರರ ಮುಖ ನಿಮ್ಮ ವಿಡಿಯೊದಲ್ಲಿ ಬರಬಾರದು. ಮೂಲ ಕಡತವನ್ನು ಅದೇ ಮೊಬೈಲಿನಲ್ಲಿ ಇಡಿ, ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ವಿಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ. 40 ಸೆಕೆಂಡಿನ ಏಟನ್ನು ಮಾತ್ರ ಹಾಕಿ ಅದಕ್ಕೆ ಮುಂಚಿನ ಎರಡು ನಿಮಿಷದ ಕಲ್ಲೆಸೆತ ಬಿಟ್ಟರೆ, ಪೂರ್ತಿ ವಿಡಿಯೊ ಇನ್ನೊಬ್ಬರ ಬಳಿ ಇದ್ದೇ ಇರುತ್ತದೆ. 2019ರ ಡಿಸೆಂಬರ್ 19ರ ಮಂಗಳೂರು ಗೋಲಿಬಾರಿನ ನಂತರ ಎರಡೂ ಕಡೆಯವರ ತುಣುಕುಗಳು ಹೀಗೇ ಎದುರುಬದುರು ನಿಂತವು. ಅಂಥ ಘಟನೆಗೆ ಮ್ಯಾಜಿಸ್ಟೀರಿಯಲ್ ವಿಚಾರಣೆ ಘೋಷಣೆಯಾದರೆ ಗ್ರೂಪಿಗಿಂತ ಮೊದಲು ವಿಡಿಯೊ ಅಲ್ಲಿಗೆ ಹೋಗಲಿ, ಹೇಳಿಕೆ ಸಮೇತ.

ಮೆಚ್ಚುಗೆಯ ಪತ್ರ

ಇದನ್ನು ಬರೆಯುವವರೇ ಕಡಿಮೆ. ಬರೆದರೂ ಇನ್‌ಸ್ಪೆಕ್ಟರ್ ಹೆಸರು ಮಾತ್ರ ಇರುತ್ತದೆ, ರಾತ್ರಿಯಿಡೀ ಓಡಾಡಿದ ಕಾನ್‌ಸ್ಟೆಬಲ್ ಹೆಸರು ಇರುವುದಿಲ್ಲ. 'ರಾತ್ರಿ 11.15ಕ್ಕೆ 112ಕ್ಕೆ ಕರೆ ಮಾಡಿದೆವು. 11.32ಕ್ಕೆ ವಾಹನ ಬಂತು. ಹೆಡ್ ಕಾನ್‌ಸ್ಟೆಬಲ್ ಇಂಥವರು, ಸಂಖ್ಯೆ ಇಷ್ಟು, ತಂದೆಯವರನ್ನು ಆಸ್ಪತ್ರೆಗೆ ಸೇರಿಸುವ ತನಕ ಇದ್ದರು, ಬಿದ್ದಿದ್ದ ಪರ್ಸನ್ನು ನಮ್ಮೆದುರೇ ಎಣಿಸಿ ಬರೆಸಿಕೊಟ್ಟರು' ಎಂದು ಆರು ಸಾಲು ಸಾಕು. 'ನಿಷ್ಠಾವಂತ, ದಕ್ಷ, ಸಿಂಹದಂಥ ಅಧಿಕಾರಿ' ಎಂದು ಬರೆದರೆ ಎಸ್‌ಪಿಗೆ ಏನೂ ತಿಳಿಯುವುದಿಲ್ಲ. ಎಸ್‌ಪಿ ಅಥವಾ ಕಮಿಷನರ್‌ಗೇ ಕಳುಹಿಸಿ. ಪ್ರಶಂಸನಾ ಪತ್ರವೋ ನಗದು ಬಹುಮಾನವೋ ಕೊಟ್ಟು ಸೇವಾ ಪುಸ್ತಕದಲ್ಲಿ ದಾಖಲಿಸುವುದು ಅಲ್ಲಿಂದಲೇ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನಕ್ಕೆ ಮುಖ್ಯಮಂತ್ರಿ ಪದಕದ ಹೆಸರು ಆರಿಸುವಾಗ ಲೆಕ್ಕಕ್ಕೆ ಬರುವುದು ಹೀಗೆ ದಾಖಲಾದ ಕೆಲಸ.

ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ನಮ್ಮ ಕಡೆಯ ಖಯಾಲಿ. ಸರ್ಕಾರಿ ನೌಕರರು ಅನುಮತಿಯಿಲ್ಲದೆ ಸನ್ಮಾನ ಒಪ್ಪಿಕೊಳ್ಳುವಂತಿಲ್ಲ, ಉಡುಗೊರೆಗೂ ನಡತೆ ನಿಯಮದ ಕಟ್ಟು ಇದೆ. ನೀವು ಪ್ರೀತಿಯಿಂದ ಕೊಟ್ಟ ಬೆಳ್ಳಿ ದೀಪ ಅವರಿಗೆ ನೋಟಿಸ್ ತರಬಹುದು. ಸಂಘದ ಹೆಸರಿನಲ್ಲಿ ಫ್ಲೆಕ್ಸ್ ಹಾಕಿ ಪಕ್ಕದಲ್ಲಿ ತಮ್ಮ ಫೋಟೊ ಹಾಕಿಕೊಳ್ಳುವುದಂತೂ ಮೆಚ್ಚುಗೆಯೇ ಅಲ್ಲ, ಮುಂದಿನ ಕೆಲಸಕ್ಕೆ ಮುಂಗಡ. ನಿಮ್ಮ ಕೇಸು ಅದೇ ಠಾಣೆಯಲ್ಲಿ ತನಿಖೆಯಲ್ಲಿದ್ದರೆ ಆರೋಪಪಟ್ಟಿ ಸಲ್ಲಿಕೆಯಾಗುವ ತನಕ ಹೊಗಳಿ ಬರೆಯಬೇಡಿ, ಎದುರು ಕಡೆಯ ವಕೀಲರು ಅದನ್ನೇ ಹಿಡಿದು ಆ ಅಧಿಕಾರಿಯನ್ನು ಪ್ರಶ್ನಿಸುತ್ತಾರೆ.

ಹೊಗಳಿಕೆಯಲ್ಲಿ ಆಗುವ ದೊಡ್ಡ ತಪ್ಪು ಇನ್ನೊಂದು. 'ಲಾಠಿ ರುಚಿ ತೋರಿಸಿದರು', 'ಠಾಣೆಯಲ್ಲಿ ಸರಿಯಾಗಿ ವಿಚಾರಿಸಿಕೊಂಡರು' ಎಂದು ಚಪ್ಪಾಳೆ ತಟ್ಟುವುದು. ಅದು ಅಧಿಕಾರವಿಲ್ಲದ ಕೆಲಸ. ಅನ್ಯಾಯವಾಗಿ ಬೈದರೆ ಒಬ್ಬ ಅಧಿಕಾರಿಗೆ ನೋವು, ಇದನ್ನು ಹೊಗಳಿದರೆ ಮುಂದಿನ ಬಾರಿ ಕಾನೂನಿನಂತೆ ನಡೆದ ಅಧಿಕಾರಿ ಅಂಜುಬುರುಕ ಎನಿಸಿಕೊಳ್ಳುತ್ತಾನೆ. '24 ಗಂಟೆಯಲ್ಲಿ ಆರೋಪಿ ಅಂದರ್' ಎನ್ನುವುದನ್ನೂ ನಿಧಾನಕ್ಕೆ ಹೊಗಳಿ. ಬಂಧನ ಆದದ್ದಷ್ಟೇ, ಅಪರಾಧ ಸಾಬೀತಾದದ್ದಲ್ಲ. ಲೈಂಗಿಕ ಅಪರಾಧದ ಕೇಸಾದರೆ ಸಂತ್ರಸ್ತರ ಗುರುತು ಹತ್ತುವ ಊರು, ಶಾಲೆ, ಸಂಬಂಧಿಕರ ಹೆಸರು ಮೆಚ್ಚುಗೆಯ ಪೋಸ್ಟಿನಲ್ಲೂ ಬರಬಾರದು, ಅದು ನ್ಯಾಯ ಸಂಹಿತೆಯ ಕಲಂ 72ರ ಅಪರಾಧ.

ಒಂದೇ ಠಾಣೆಯ ಬಗ್ಗೆ ಎರಡೂ ಇದ್ದರೆ

ಎರಡು ಪತ್ರ ಬರೆಯಿರಿ, ಬೇರೆ ಬೇರೆ ದಿನ ಕಳುಹಿಸಿ. ದೂರಿನ ಆರಂಭದಲ್ಲಿ 'ತಮ್ಮ ಇಲಾಖೆಯ ಸೇವೆ ಶ್ಲಾಘನೀಯ, ಆದರೆ' ಎಂದು ಬೆಲ್ಲ ಸವರುವುದು ಬೇಡ. ಓದುವವರು ಆ 'ಆದರೆ'ಗೇ ಕಾಯುತ್ತಿರುತ್ತಾರೆ. ಮೆಚ್ಚುಗೆಯ ಕೊನೆಯಲ್ಲಿ 'ಉಳಿದವರೂ ಹೀಗೆ ಇದ್ದರೆ ಚೆನ್ನಾಗಿತ್ತು' ಎಂದು ಚುಚ್ಚುವುದೂ ಬೇಡ.

ರಾಜಿಗೆ ಕರೆ ಬಂದರೆ ಮನಸ್ಸಿದ್ದರೆ ಹೋಗಿ, ಅಧಿಕಾರಿ ಎದುರು ಕೂತು ತಪ್ಪಾಯಿತು ಎಂದರೆ ಒಪ್ಪಿಕೊಳ್ಳಲೂಬಹುದು. ಆದರೆ 'ತಪ್ಪು ತಿಳಿವಳಿಕೆಯಿಂದ ದೂರು ನೀಡಿರುತ್ತೇನೆ' ಎಂದು ಬರೆದಿಟ್ಟ ಹಾಳೆಗೆ ಸಹಿ ಹಾಕಬೇಡಿ. ಅದು ನೀವು ಸುಳ್ಳು ಹೇಳಿದಿರಿ ಎಂಬ ದಾಖಲೆ. 'ಅಧಿಕಾರಿ ಕ್ಷಮೆ ಕೇಳಿದ್ದರಿಂದ ಮುಂದುವರಿಸಲು ಇಷ್ಟವಿಲ್ಲ' ಎಂದು ನಿಮ್ಮ ಕೈಬರಹದಲ್ಲೇ ಬರೆದು, ಒಂದು ಪ್ರತಿ ಇಟ್ಟುಕೊಳ್ಳಿ.

ನೀವು ಹಾಕಿದ್ದು ತಪ್ಪೆಂದು ಆಮೇಲೆ ಗೊತ್ತಾದರೆ ಪೋಸ್ಟ್ ಅಳಿಸಿ ಸುಮ್ಮನಾಗಬೇಡಿ. ಅಷ್ಟರಲ್ಲಿ ಅದು ಇಪ್ಪತ್ತು ಗ್ರೂಪು ದಾಟಿರುತ್ತದೆ. ಅದೇ ಪೋಸ್ಟಿನ ಮೊದಲ ಸಾಲಿನಲ್ಲಿ ದಿನಾಂಕ ಹಾಕಿ, ಯಾವ ಮಾತು ತಪ್ಪು, ಸರಿಯಾದದ್ದು ಏನು ಎಂದು ಬರೆಯಿರಿ. ಎಸ್‌ಪಿಗೆ ಪತ್ರ ಹೋಗಿದ್ದರೆ ಅಲ್ಲಿಗೂ ಒಂದು ತಿದ್ದುಪಡಿ, ಹಳೆಯ ಅರ್ಜಿಯ ಸಂಖ್ಯೆ ನಮೂದಿಸಿ.